ಹೊಟ್ಟೆಪಟ್ಟಿ ಬಿಗಿಯುವ ಆ ಐದಾರು ಸಾಲು

ಪ್ರಿಯ ಬರಹಗಾರರೇ,

ನಿಮ್ಮ ‘ಮಿಂಚು’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಕೊನೆಯವರೆಗೂ ಕಾಯಿಸಿ ಆಮೇಲೆ ಬೇಡ ಅನ್ನುವುದು ನನಗೆ ಇಷ್ಟವಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ. ನಿಮ್ಮ ಹದಿನಾರು ಪುಟಗಳ ನಡುವೆ ಐದಾರು ಸಾಲು ಇವೆ. ಈ ಪತ್ರ ಬರೆಯುತ್ತಿರುವುದು ಅವುಗಳಿಗಾಗಿ.

ಏಳನೇ ಪುಟದಲ್ಲಿ ಲಾಯದ ಹುಡುಗ ಮಿಂಚು ಎಂಬ ಎಳೆಯ ಕುದುರೆಗೆ ಮೊದಲ ಸಲ ಜೀನು ಹಾಕಿ, ಅದನ್ನು ಹಿಡಿದಿಡುವ ಹೊಟ್ಟೆಪಟ್ಟಿ ಬಿಗಿಯುತ್ತಾನೆ. ನೀವು ಹೀಗೆ ಬರೆದಿದ್ದೀರಿ:

“ಪಟ್ಟಿಯನ್ನು ಒಂದು ತೂತು ಬಿಗಿದ. ಮಿಂಚು ಮೈ ಬಿಗಿ ಹಿಡಿಯಿತು. ಹುಡುಗನೂ ಉಸಿರು ಹಿಡಿದ. ಹತ್ತು ಹೆಜ್ಜೆ ನಡೆಸಿಕೊಂಡು ಬಂದ. ಈಗ ಪಟ್ಟಿಯೊಳಗೆ ನಾಲ್ಕು ಬೆರಳು ಹೋಗುತ್ತಿತ್ತು. ಇನ್ನೊಂದು ತೂತು.”

ಇದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಹತ್ತಿರ ನಿಂತು ನೋಡಿದವರು ಮಾತ್ರ ಹೀಗೆ ಬರೆಯಬಲ್ಲರು. ಎಳೆಯ ಕುದುರೆಗೆ ಹೊಟ್ಟೆಪಟ್ಟಿ ಅಂದರೆ ಭಯ. ಮೈ ಬಿಗಿ ಮಾಡಿಕೊಳ್ಳುತ್ತದೆ. ಆಗ ಪಟ್ಟಿ ಸರಿಯಾಗಿ ಕೂತ ಹಾಗೆ ಕಾಣುತ್ತದೆ, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲ. ಅವಸರದವರು ಒಂದೇ ಸಲಕ್ಕೆ ಪೂರ್ತಿ ಎಳೆದು ಬಿಗಿಯುತ್ತಾರೆ. ಹಾಗೆ ಒಮ್ಮೆ ಹೆದರಿದ ಕುದುರೆ ವರ್ಷಗಟ್ಟಲೆ ಜೀನು ಕಂಡರೆ ಬೆನ್ನು ಉಬ್ಬಿಸಬಹುದು. ಇದೆಲ್ಲ ನಿಮಗೆ ಗೊತ್ತಿದೆ. ವಿವರಿಸಲು ಹೋಗದೆ ಬೆರಳಿನ ಲೆಕ್ಕದಲ್ಲಿ ತೋರಿಸಿದ್ದೀರಿ.

ಆದರೆ ಎಂಟನೇ ಪುಟದಲ್ಲಿ ಅದೇ ಹುಡುಗ ಬಯಲಿನಲ್ಲಿ ಮಿಂಚಿನ ಬೆನ್ನಿಗೆ ಜಿಗಿಯುತ್ತಾನೆ. ಅದು ಕುಪ್ಪಳಿಸುತ್ತದೆ, ಇವನು ಬಿಡುವುದಿಲ್ಲ. ಸಂಜೆ ಹೊತ್ತಿಗೆ ಮಿಂಚು ತಲೆ ತಗ್ಗಿಸಿ “ಶರಣಾಗುತ್ತದೆ”. ಒಂದೊಂದು ತೂತಿಗೂ ಕಾಯುತ್ತಿದ್ದ ಹುಡುಗ ಎಲ್ಲಿ ಹೋದ? ಕಥೆಯ ದೊಡ್ಡ ಬಿರುಕು ಇದು. ಭಾಷೆ ತಿದ್ದಬಹುದು, ಪುಟ ಕಡಿಮೆ ಮಾಡಬಹುದು. ಇದನ್ನು ಮಾತ್ರ ನೀವೇ ಕೂತು ಯೋಚಿಸಬೇಕು. ದಣಿದು ಅಲ್ಲಾಡದೆ ನಿಂತ ಕುದುರೆ ಪಳಗಿದ ಕುದುರೆ ಅಲ್ಲ. ಕೆಲವೊಮ್ಮೆ ಅದು ಏನು ಮಾಡಿದರೂ ಪ್ರಯೋಜನವಿಲ್ಲ ಎಂದು ಕೈಚೆಲ್ಲಿದ ಕುದುರೆ, ಅಷ್ಟೇ.

ನಾನು ಒಮ್ಮೆ ಒಂದು ಲಾಯದಲ್ಲಿ ಬೆಳಗ್ಗೆ ನಿಂತು ನೋಡಿದ್ದನ್ನು ಹೇಳುತ್ತೇನೆ. ವಯಸ್ಸಾದ ಒಬ್ಬರು ಎಳೆಯ ಕುದುರೆಗೆ ಹಿಂದೆ ಸರಿಯುವುದನ್ನು ಕಲಿಸುತ್ತಿದ್ದರು. ಮುಖಕ್ಕೆ ಕಟ್ಟಿದ ಹಗ್ಗದ ಮೇಲೆ ಅವರ ಎರಡು ಬೆರಳು ಮಾತ್ರ. ಮೂಗಿನ ಮೇಲೆ ಸಣ್ಣ ಒತ್ತಡ. ಕುದುರೆ ತಲೆ ಎತ್ತಿತು. ಅವರು ಬಿಡಲಿಲ್ಲ, ಜಾಸ್ತಿಯೂ ಒತ್ತಲಿಲ್ಲ. ತಲೆಯನ್ನು ಪಕ್ಕಕ್ಕೆ ಹಾಕಿತು. ಆಗಲೂ ಬೆರಳು ಹಾಗೇ ಇತ್ತು. ಕೊನೆಗೆ ಅದರ ಮೈಭಾರ ಒಂದಿಷ್ಟು ಹಿಂದಕ್ಕೆ ವಾಲಿತು. ಗೊರಸು ಇನ್ನೂ ನೆಲ ಬಿಟ್ಟಿರಲಿಲ್ಲ, ಅಷ್ಟರಲ್ಲೇ ಬೆರಳು ಸಡಿಲವಾಯಿತು. ಅದಿನ್ನೂ ಹೆಜ್ಜೆ ಇಟ್ಟೇ ಇಲ್ಲವಲ್ಲ ಅಂದೆ. ಮನಸ್ಸು ಮಾಡಿತಲ್ಲ, ಸಾಕು ಅಂದರು. ನಾಲ್ಕನೇ ಸಲಕ್ಕೆ ಬೆರಳು ತಾಗುತ್ತಿದ್ದ ಹಾಗೇ ಕುದುರೆ ಒಂದು ಹೆಜ್ಜೆ ಹಿಂದೆ ಹೋಯಿತು.

ಕುದುರೆ ಕಲಿಯುವುದು ಆ ಸಡಿಲಿಕೆಯಿಂದ. ಒತ್ತಡ ಒಂದು ಪ್ರಶ್ನೆ ಕೇಳುತ್ತದೆ. ಉತ್ತರ ಸರಿ ಎಂದು ಹೇಳುವುದು ಕೈ ಬಿಟ್ಟ ಕ್ಷಣ. ಎರಡು ಸೆಕೆಂಡು ತಡವಾಗಿ ಬಿಟ್ಟರೆ, ಆ ಹೊತ್ತಿಗೆ ಅದು ಏನು ಮಾಡುತ್ತಿತ್ತೋ ಅದೇ ಸರಿ ಅಂದುಕೊಳ್ಳುತ್ತದೆ. ತಲೆ ಒದರುವಾಗ ಬಿಟ್ಟರೆ ತಲೆ ಒದರುವುದನ್ನೇ ಕಲಿಸಿದ ಹಾಗಾಯಿತು. ನಿಮ್ಮ ಕಥೆಯಲ್ಲಿ ಹುಡುಗ ಹಿಡಿಯುತ್ತಾನೆ, ಎಳೆಯುತ್ತಾನೆ, ಜಗ್ಗುತ್ತಾನೆ, ಅಮುಕುತ್ತಾನೆ. ಹದಿನಾರು ಪುಟದಲ್ಲಿ ಒಂದೇ ಒಂದು ಕಡೆ ಅವನ ಕೈ ಸಡಿಲವಾಗಿದೆಯಾ ಎಂದು ಹುಡುಕಿದೆ. ಸಿಗಲಿಲ್ಲ.

ಹಾಗಾಗಿ ಬೆನ್ನೇರುವ ದೃಶ್ಯವನ್ನು ಪೂರ್ತಿ ಹೊಸದಾಗಿ ಬರೆಯಿರಿ. ಅದು ಬಯಲಿನಲ್ಲಿ ಬೇಡ, ಲಾಯದ ನಾಲ್ಕು ಗೋಡೆಯ ಒಳಗೆ ನಡೆಯಲಿ. ಮೊದಲ ದಿನ ಸವಾರ ಕೂರುವುದೇ ಇಲ್ಲ. ಒಬ್ಬರು ತಲೆಯ ಹತ್ತಿರ ನಿಲ್ಲುತ್ತಾರೆ, ಇನ್ನೊಬ್ಬರು ಹುಡುಗನ ಕಾಲು ಹಿಡಿದು ಮೇಲೆತ್ತುತ್ತಾರೆ. ಅವನು ಮೂಟೆಯ ಹಾಗೆ ಕುದುರೆಯ ಬೆನ್ನಿಗೆ ಅಡ್ಡಲಾಗಿ, ಹೊಟ್ಟೆ ಕೆಳಗಾಗಿ ಮಲಗುತ್ತಾನೆ. ಕುದುರೆಗೆ ಗಾಬರಿ ಹುಟ್ಟುವ ಮೊದಲೇ ಇಳಿಯುತ್ತಾನೆ. ಮತ್ತೆ ಏರುತ್ತಾನೆ, ಮತ್ತೆ ಇಳಿಯುತ್ತಾನೆ. ಅಡ್ಡ ಮಲಗಿದವನನ್ನು ಹೊತ್ತು ಕುದುರೆ ನೆಮ್ಮದಿಯಾಗಿ ಒಂದು ಸುತ್ತು ಹಾಕಿದ ಮೇಲೆಯೇ ಅವನು ಕಾಲನ್ನು ಆಚೆ ಹಾಕುವುದು. ಆಗಲೂ ನೆಟ್ಟಗೆ ಕೂರುವುದಿಲ್ಲ, ಕುತ್ತಿಗೆಯ ಮೇಲೆ ಬಗ್ಗಿರುತ್ತಾನೆ. ಕುದುರೆಗೆ ಸುತ್ತ ಸುಮಾರು 350 ಡಿಗ್ರಿ ಕಾಣುತ್ತದೆ. ಬೆನ್ನ ಮೇಲೆ ದಿಢೀರನೆ ಎದ್ದ ಆಕಾರ ಅದರ ಕಣ್ಣಿಗೆ ಬೀಳುತ್ತದೆ, ಮೇಲೆ ಹಾರಿದ ಬೇಟೆಯಾಡುವ ಪ್ರಾಣಿಯ ಹಾಗೆ. ಆ ಮುಖದಲ್ಲಿ ಕಿವಿ ಹಿಂದಕ್ಕೂ ಮುಂದಕ್ಕೂ ತಿರುಗುವುದನ್ನು ನೋಡಿ. ಯುದ್ಧದ ವರ್ಣನೆಗಿಂತ ಆ ಕಿವಿಗಳಲ್ಲಿ ಕಥೆ ಜಾಸ್ತಿ ಇದೆ.

ಇನ್ನು ವಯಸ್ಸು. ಮಿಂಚು ಮೇ ತಿಂಗಳಲ್ಲಿ ಹುಟ್ಟಿತು ಎಂದು ಎರಡನೇ ಪುಟದಲ್ಲಿ ಬರೆದು ಮರೆತುಬಿಟ್ಟಿದ್ದೀರಿ. ನಿಮ್ಮ ಕೈಯಲ್ಲಿ ಎಂಥ ವಿಷಯ ಇತ್ತು ಗೊತ್ತಾ? ಉತ್ತರಾರ್ಧಗೋಳದಲ್ಲಿ ಹುಟ್ಟಿದ ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆಗಳಿಗೆಲ್ಲ ರೇಸಿನ ಲೆಕ್ಕದಲ್ಲಿ ಜನವರಿ 1 ಹುಟ್ಟುಹಬ್ಬ. ದಕ್ಷಿಣಾರ್ಧಗೋಳದಲ್ಲಿ ಆಗಸ್ಟ್ 1. ಅಂದರೆ ಮೇ ತಿಂಗಳ ಮಿಂಚನ್ನು ಎರಡು ವರ್ಷದ ಕುದುರೆ ಎಂದು ಕರೆಯುವಾಗ ಅದಕ್ಕೆ ನಿಜವಾಗಿ ಸುಮಾರು 20 ತಿಂಗಳು. ಪಕ್ಕದ ಲಾಯದಲ್ಲಿ ಜನವರಿಯಲ್ಲಿ ಹುಟ್ಟಿದ ಕುದುರೆ ಇದ್ದರೆ ಅದಕ್ಕೆ ಹೆಚ್ಚು ಕಡಿಮೆ 24. ಆ ವಯಸ್ಸಿನಲ್ಲಿ ನಾಲ್ಕು ತಿಂಗಳು ಅಂದರೆ ಎತ್ತರದಲ್ಲಿ, ಎದೆಯಲ್ಲಿ, ಮೂಳೆಯಲ್ಲಿ ಎದ್ದು ಕಾಣುವ ವ್ಯತ್ಯಾಸ. ಎರಡೂ ರೇಸ್ ಶುರುವಾಗುವ ಒಂದೇ ಗೇಟಿನಿಂದ ಹೊರಡಬೇಕು. ಮಾಲೀಕರಿಗೆ ಅವಸರ, ಟ್ರೈನರ್‌ಗೆ ಅಳುಕು, ಹುಡುಗನಿಗೆ ಎಲ್ಲ ಗೊತ್ತಿದ್ದರೂ ಬಾಯಿ ಬಿಡುವ ಹಾಗಿಲ್ಲ. ನೀವು ಹೊರಗಿನಿಂದ ತಂದ ಖಳನಾಯಕನ ಅಗತ್ಯವೇ ಇರಲಿಲ್ಲ, ಅಲ್ವಾ?

ಹಲ್ಲಿನ ವಿಷಯವೂ ಹಾಗೇ. ಎರಡೂವರೆ ವರ್ಷದ ಹೊತ್ತಿಗೆ ಕುದುರೆಯ ಹಾಲುಹಲ್ಲು ಬೀಳಲು ಶುರುವಾಗುತ್ತದೆ. ನಿಮ್ಮ ಮಿಂಚು ಕಡಿವಾಣ ಕಂಡರೆ ತಲೆ ಎತ್ತುತ್ತದೆ, ಅದನ್ನು “ಹಟಮಾರಿತನ” ಎಂದಿದ್ದೀರಿ. ಬಾಯಿ ನೋಯುತ್ತಿರಬಹುದು. ಹುಡುಗ ಒಮ್ಮೆ ಅದರ ತುಟಿ ಸರಿಸಿ ನೋಡಲಿ.

ತರಬೇತಿಯ ಭಾಗದಲ್ಲಿ ಒಂದು ದೊಡ್ಡ ತಪ್ಪಿದೆ. “ದಿನವೂ ಮೈಲಿಗಟ್ಟಲೆ ನಿಧಾನಕ್ಕೆ ಓಡಿಸಿ ಓಡಿಸಿ ಮಿಂಚಿನ ಕಾಲು ಕಬ್ಬಿಣವಾಯಿತು” ಎಂದು ಬರೆದಿದ್ದೀರಿ. ಬಹಳ ಕಾಲ ಬಹಳ ಜನ ಹಾಗೇ ನಂಬಿದ್ದರು. ಎರಡು ವರ್ಷದ ರೇಸ್ ಕುದುರೆಗಳಿಗೆ ಮುಂಗಾಲಿನ ಮಂಡಿಯ ಕೆಳಗಿನ ಉದ್ದ ಮೂಳೆಯಲ್ಲಿ ನೋವು ಬರುವುದು ತೀರ ಸಾಮಾನ್ಯ. ಶಿನ್ ಸೋರ್ ಎನ್ನುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯ ಡೇವಿಡ್ ನುನಮೇಕರ್ ಇದರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. ಅವರು ಕಂಡದ್ದು ಇದು: ಮೂಳೆ ಯಾವ ರೀತಿಯ ಭಾರ ಹೊರುತ್ತದೋ ಅದಕ್ಕೆ ತಕ್ಕ ಹಾಗೆ ಬೆಳೆಯುತ್ತದೆ. ನಿಧಾನ ಓಟದ ಭಾರ ಬೇರೆ, ರೇಸಿನ ವೇಗದ ಭಾರ ಬೇರೆ. ಮೈಲಿಗಟ್ಟಲೆ ನಿಧಾನ ಓಡಿದ ಕಾಲು ರೇಸಿನ ದಿನ ಹೊಸ ಭಾರ ಕಂಡು ಸೋಲುತ್ತದೆ. ಮೊದಲಿನಿಂದಲೇ ಚಿಕ್ಕ ಚಿಕ್ಕ ದೂರದ ವೇಗದ ಓಟವನ್ನು ಅಳತೆ ಮಾಡಿ ಸೇರಿಸುತ್ತಾ ಹೋದರೆ ಈ ತೊಂದರೆ ಕಡಿಮೆ.

ಇದರ ಜೊತೆಗೆ ಇನ್ನೊಂದು ವಿಷಯ ನೆನಪಿಡಿ. ಕುದುರೆಯ ಹೃದಯ, ಮಾಂಸಖಂಡ ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತವೆ. ಮೂಳೆಗೆ ತಿಂಗಳುಗಳು ಬೇಕು. ಮಂಡಿಯಿಂದ ಕೆಳಗಿರುವುದು ಹೆಚ್ಚು ಕಡಿಮೆ ಬರೀ ಮೂಳೆ ಮತ್ತು ಮಾಂಸಖಂಡವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಮಾಂಸವೇ ಇಲ್ಲ. ಆ ಸ್ನಾಯುರಜ್ಜು ಹದಕ್ಕೆ ಬರುವುದು ಇನ್ನೂ ನಿಧಾನ. ನಾಗಾಲೋಟದಲ್ಲಿ ಅದರ ಒಳಗಿನ ಬಿಸಿ 45 ಡಿಗ್ರಿ ಸೆಲ್ಸಿಯಸ್‌ವರೆಗೂ ಏರುವುದನ್ನು ಅಳೆದಿದ್ದಾರೆ. ಹೀಗಾಗಿ ಒಂದು ವಿಚಿತ್ರ ಸ್ಥಿತಿ ಬರುತ್ತದೆ. ಎದೆ ಸಿದ್ಧ, ತೊಡೆ ಸಿದ್ಧ, ಮನಸ್ಸಂತೂ ಓಡು ಓಡು ಅನ್ನುತ್ತಿರುತ್ತದೆ, ಕಾಲಿನ ಕೆಳಭಾಗ ಮಾತ್ರ ಇನ್ನೂ ಸಿದ್ಧವಿಲ್ಲ. ಬೆಳಗಿನ ಓಟದಲ್ಲಿ ಕುದುರೆ ಲಗಾಮು ಜಗ್ಗುತ್ತದೆ, ಮೇಲಿದ್ದವನಿಗೂ ಬಿಟ್ಟುಬಿಡೋಣ ಅನಿಸುತ್ತದೆ. ಬಿಡಬಾರದು. ನಿಮ್ಮ ಕಥೆಗೆ ಬೇಕಾದ ಸಂಕಟ ಅಲ್ಲಿದೆ. ಪಟ್ಟಿಯ ಒಂದೊಂದು ತೂತಿಗೂ ಕಾಯುವ ಹುಡುಗನಿಗೆ ಇದು ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ.

ಸಣ್ಣ ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮಿಂಚು “ಬಾಯಿ ತೆರೆದು ಏದುಸಿರು ಬಿಡುತ್ತಾ” ಓಡುವುದಿಲ್ಲ. ಕುದುರೆ ಉಸಿರಾಡುವುದು ಮೂಗಿನಿಂದ ಮಾತ್ರ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದು ಉಸಿರು, ಅದು ತಾಳ ಹಾಕಿದ ಹಾಗೆ ಕೇಳಿಸುತ್ತದೆ. ಆ ಸದ್ದನ್ನು ಬಳಸಿಕೊಳ್ಳಿ. “ನಾಲ್ಕೂ ಕಾಲು ಚಾಚಿ ಗಾಳಿಯಲ್ಲಿ ತೇಲಿತು” ಎನ್ನುವುದೂ ಸರಿಯಲ್ಲ. 1878ರಲ್ಲಿ ಎಡ್ವರ್ಡ್ ಮೈಬ್ರಿಡ್ಜ್ ಸಾಲಾಗಿ ಕ್ಯಾಮೆರಾ ಇಟ್ಟು ಓಡುವ ಕುದುರೆಯ ಫೋಟೊ ತೆಗೆದಾಗ, ನಾಲ್ಕೂ ಗೊರಸು ನೆಲ ಬಿಟ್ಟಿರುವುದು ಕಾಲುಗಳನ್ನು ಹೊಟ್ಟೆಯ ಕೆಳಗೆ ಮಡಚಿಕೊಂಡಾಗ ಎಂದು ಗೊತ್ತಾಯಿತು. ಅಲ್ಲಿಯವರೆಗೆ ಎಷ್ಟೋ ಚಿತ್ರಕಾರರು ಚಾಚಿದ ಕಾಲನ್ನೇ ಬರೆದಿದ್ದರು. ಒಂಬತ್ತನೇ ಪುಟದಲ್ಲಿ ಹುಡುಗ ಕುದುರೆಯ ನೇರ ಹಿಂದಿನಿಂದ ಸದ್ದಿಲ್ಲದೆ ಬಂದು ಸವರುತ್ತಾನೆ. ಅದಕ್ಕೆ ಕಾಣದ ಜಾಗ ಅದು, ಲಾಯದ ಹುಡುಗ ಹಾಗೆ ಮಾಡುವುದಿಲ್ಲ.

“ಸಾವಿರಾರು ವರ್ಷಗಳಿಂದ ಮನುಷ್ಯ ಮತ್ತು ಕುದುರೆಯ ನಂಟು...” ಎಂಬ ನಿಮ್ಮ ಮೊದಲ ಪ್ಯಾರಾ ಪೂರ್ತಿ ತೆಗೆದುಹಾಕಿ. ಹಳೆಯ ಕಾಲದ ನೆನಪು ಬೇಕೇ ಬೇಕು ಅನಿಸಿದರೆ ಕಿಕ್ಕುಲಿಯನ್ನು ತನ್ನಿ. ಸುಮಾರು 3,400 ವರ್ಷಗಳ ಹಿಂದೆ ಮಿತಾನ್ನಿ ದೇಶದ ಈ ಕುದುರೆ ಪಳಗಿಸುವವನ ಪಾಠವನ್ನು ಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟರು. ಈಗಿನ ಟರ್ಕಿಯಲ್ಲಿರುವ ಹತ್ತುಶಾದಲ್ಲಿ ಅವು ಸಿಕ್ಕಿವೆ. ರಥದ ಕುದುರೆಗಳಿಗೆ ಎಷ್ಟು ನಡೆಸಬೇಕು, ಎಷ್ಟು ಓಡಿಸಬೇಕು, ಯಾವಾಗ ನೀರು, ಯಾವಾಗ ಮೇವು ಎಂದು ದಿನದಿನದ ಲೆಕ್ಕ, ತಿಂಗಳುಗಟ್ಟಲೆ. ಸುತ್ತುಗಳಿಗೆ ಅವನು ಬಳಸಿದ ಮಾತು ಐಕ ವರ್ತನ್ನ, ತೇರ ವರ್ತನ್ನ, ಪಂಜ ವರ್ತನ್ನ, ಸತ್ತ ವರ್ತನ್ನ. ಒಂದು, ಮೂರು, ಐದು, ಏಳು ಸುತ್ತು. ನಮ್ಮ ಓದುಗರಿಗೆ ಆ ಎಣಿಕೆ ಕಿವಿಗೆ ಬಿದ್ದ ಕೂಡಲೇ ಅರ್ಥವಾಗುತ್ತದೆ. ನಿಮ್ಮ ಹುಡುಗ ಮಿಂಚನ್ನು ಸುತ್ತು ಹಾಕಿಸುವಾಗ ಯಾರೋ ಹಿರಿಯರ ಬಾಯಲ್ಲಿ ಇದು ಬಂದರೆ ಚೆನ್ನ. ಆದರೆ ಎರಡು ಸಾಲು ಸಾಕು, ಪಾಠ ಬೇಡ.

ಕಥೆ ಏಳನೇ ಪುಟದಿಂದಲೇ ಶುರುವಾಗಲಿ, ಪಟ್ಟಿಯ ಮೊದಲ ತೂತಿನಿಂದ. ಗೇಟಿನ ಅಭ್ಯಾಸಕ್ಕೂ ಜಾಗ ಕೊಡಿ. ಮೊದಲು ಎರಡೂ ಕಡೆ ತೆರೆದ ಗೇಟಿನಲ್ಲಿ ಸುಮ್ನೆ ನಡೆದು ದಾಟುವುದು, ಆಮೇಲೆ ಒಳಗೆ ನಿಲ್ಲುವುದು, ಆಮೇಲೆ ಬಾಗಿಲು ಮುಚ್ಚುವುದು. ಮಿಂಚು ಮೂಗಿನಷ್ಟು ಅಂತರದಲ್ಲಿ ಗೆಲ್ಲುವ ಕೊನೆಯ ಎರಡು ಪುಟ ನನಗೆ ಬೇಡ. ಗೆದ್ದಿತೋ ಇಲ್ಲವೋ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ರೇಸಿನ ಮಾರನೇ ದಿನ, ಬೆಳಕು ಹರಿಯುವ ಮೊದಲು, ಯಾರೋ ಲಾಯದ ಬಾಗಿಲು ತೆಗೆದು ಮಿಂಚಿನ ಮುಂಗಾಲಿನ ಹಿಂಬದಿ ಅಂಗೈ ಇಟ್ಟು ಬಿಸಿ ಇದೆಯಾ ಎಂದು ನೋಡಿರುತ್ತಾರೆ. ನೀವು ಅದನ್ನು ಬರೆದಿಲ್ಲ. ಆ ಅಂಗೈಗೆ ಏನು ಸಿಕ್ಕಿತು? ಬರೆದು ಕಳಿಸಿ. ಈ ಸಲವೂ ಎರಡು ಸಲ ಓದುತ್ತೇನೆ.

ಇಂತಿ,
ಸಂಪಾದಕ