ಬೈಬಲ್ ಗೊತ್ತಿಲ್ಲದವರು ಅಮೆರಿಕದ ಧರ್ಮಗಳ ಇತಿಹಾಸ ಓದಬಹುದಾ?

ಖಂಡಿತ ಓದಿ. ನೀವು ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೀರಿ, ಜೊತೆಗೆ ಧರ್ಮಗಳ ಇತಿಹಾಸದ ಕೋರ್ಸ್ ತಗೊಳ್ಳಬಹುದಾ ಅಂತ ಯೋಚಿಸುತ್ತಿದ್ದೀರಿ, ಬೈಬಲ್ ಒಂದು ಪುಟವೂ ಓದಿಲ್ಲ, ಕ್ಲಾಸಿನಲ್ಲಿ ಮತಪ್ರಚಾರ ಮಾಡ್ತಾರೇನೋ ಅಂತ ಮನೆಯಲ್ಲಿ ಭಯ ಎಂದು ಬರೆದಿದ್ದೀರಿ. ನಾನೂ ಮೈಸೂರಿನಿಂದ ಹೋಗಿ ಡಿಗ್ರಿ ಓದುವಾಗ ಇದೇ ಕೋರ್ಸ್ ತಗೊಂಡಿದ್ದೆ. ನಿನ್ನ ದೇವರು ಯಾರು ಅಂತ ಒಬ್ಬರೂ ಕೇಳಲಿಲ್ಲ.

1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ಸರ್ಕಾರಿ ಶಾಲೆಗಳು ಬೈಬಲ್ ಓದಿಸಿ ಪ್ರಾರ್ಥನೆ ಮಾಡಿಸುವಂತಿಲ್ಲ, ಆದರೆ ಧರ್ಮದ ಬಗ್ಗೆ ಪಾಠ ಮಾಡಬಹುದು ಎಂದಿತು. ಆಮೇಲೆ ಸರ್ಕಾರಿ ಯೂನಿವರ್ಸಿಟಿಗಳಲ್ಲೂ ಈ ವಿಷಯದ ವಿಭಾಗಗಳು ಬೆಳೆದವು. ಪಾಠ ಬೇರೆ, ಪೂಜೆ ಬೇರೆ. ಮನೆಯವರಿಗೆ ಇಷ್ಟು ಹೇಳಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಒಂದು ಪುಟ. ರಿಚರ್ಡ್ ಅಲೆನ್ ಗುಲಾಮನಾಗಿ ಹುಟ್ಟಿ, ದುಡಿದು, ದುಡ್ಡು ಕೊಟ್ಟು ಬಿಡುಗಡೆ ಪಡೆದವರು. ಅವರು ಹದಿನೆಂಟನೇ ಶತಮಾನದ ಕೊನೆಯಲ್ಲಿ ಫಿಲಡೆಲ್ಫಿಯಾದ ಒಂದು ಮೆಥಡಿಸ್ಟ್ (ಪ್ರಾಟೆಸ್ಟೆಂಟ್ ಕ್ರೈಸ್ತರ ಒಂದು ಪಂಥ) ಚರ್ಚಿನಲ್ಲಿ ನಡೆದದ್ದನ್ನು ಬರೆದಿಟ್ಟಿದ್ದಾರೆ. ಎಲ್ಲರೂ ಮಂಡಿಯೂರಿ ಪ್ರಾರ್ಥಿಸುತ್ತಿದ್ದಾರೆ. ಚರ್ಚಿನ ಟ್ರಸ್ಟಿ ಒಬ್ಬ ಬಂದು, ಇಲ್ಲಿ ಮಂಡಿಯೂರುವಂತಿಲ್ಲ, ಏಳಿ ಅಂತ ಅಲೆನ್ ಜೊತೆಗಿದ್ದ ಕಪ್ಪು ಜನರ ಮುಖಂಡ ಅಬ್ಸಲಂ ಜೋನ್ಸ್ ಅವರನ್ನು ಹಿಡಿದೆಳೆಯುತ್ತಾನೆ. ಜೋನ್ಸ್ ಹೇಳುವುದು ಇಷ್ಟೇ: ಪ್ರಾರ್ಥನೆ ಮುಗಿಯುವವರೆಗೆ ತಾಳಿ, ಆಮೇಲೆ ಎದ್ದು ಹೋಗ್ತೇನೆ. ಮುಗಿದ ಮೇಲೆ ಅಲ್ಲಿದ್ದ ಕಪ್ಪು ಜನರೆಲ್ಲ ಒಟ್ಟಿಗೆ ಎದ್ದು ಹೊರನಡೆದರು.

ಅವಮಾನ ಆಯ್ತು, ಬಿಟ್ಟುಹೋದರು ಅಂತ ನಾನು ಪ್ರಬಂಧ ಬರೆದೆ. ಮೇಡಂ ಅಂಚಿನಲ್ಲಿ ಬರೆದಿದ್ದರು: 'ಹಾಗಾದರೆ ಪ್ರಾರ್ಥನೆ ಮುಗಿಯಲಿ ಅಂತ ಕಾದದ್ದು ಯಾಕೆ?' ಆ ಪ್ರಶ್ನೆ ಇವತ್ತಿಗೂ ತಲೆಯಲ್ಲಿದೆ. ಅಲೆನ್ ಆ ಚರ್ಚ್ ಬಿಟ್ಟರು, ಮೆಥಡಿಸ್ಟ್ ನಂಬಿಕೆಯನ್ನು ಬಿಡಲಿಲ್ಲ. 1816ರಲ್ಲಿ ಕಪ್ಪು ಜನರದ್ದೇ ಆದ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚ್ ಕಟ್ಟಿ, ಅದರ ಮೊದಲ ಬಿಷಪ್ ಆದರು. ಆ ಜನಕ್ಕೆ ದೇವರು ಎಷ್ಟು ನಿಜವಾಗಿದ್ದ ಅಂತ ಮನಸ್ಸಿಗೆ ತಗೊಳ್ಳದೆ ಓದಿದರೆ ಈ ಇತಿಹಾಸದ ಅರ್ಧ ಕೈಬಿಟ್ಟು ಹೋಗುತ್ತದೆ.

ಬೈಬಲ್ ಪೂರ್ತಿ ಬೇಡ. ಸೆಮಿಸ್ಟರ್ ಶುರುವಾಗುವ ಮೊದಲು ಆದಿಕಾಂಡ, ವಿಮೋಚನಾಕಾಂಡ, ಮತ್ತಾಯನ ಸುವಾರ್ತೆ ಓದಿಕೊಳ್ಳಿ. ಕನ್ನಡದಲ್ಲೇ ಓದಿ, ಬೇಗ ಮನಸ್ಸಿಗೆ ಹತ್ತುತ್ತದೆ. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಇಸ್ರೇಲಿನ ಜನ ಬಿಡುಗಡೆಯಾಗಿ ಬರುವ ಕಥೆ ಇರುವ ವಿಮೋಚನಾಕಾಂಡವನ್ನಂತೂ ಬಿಡಲೇಬೇಡಿ. ಸಮುದ್ರ ದಾಟಿ ಬಂದ ಪ್ಯೂರಿಟನ್ನರು (ಇಂಗ್ಲೆಂಡಿನಿಂದ ಬಂದ ಕಟ್ಟುನಿಟ್ಟಿನ ಕ್ರೈಸ್ತರು) ತಮ್ಮನ್ನು ಹೊಸ ಇಸ್ರೇಲ್ ಎಂದುಕೊಂಡರು. ಅದೇ ಸಮುದ್ರದ ಮೇಲೆ ಸರಪಳಿಯಲ್ಲಿ ಬಂದವರ ಮಕ್ಕಳು ಮೊಮ್ಮಕ್ಕಳಿಗೆ ಅಮೆರಿಕವೇ ಈಜಿಪ್ಟ್. ಕಥೆ ಒಂದೇ, ನೋಡಿ!

ಎಲ್ಲ ಕ್ರೈಸ್ತರ ವಿಷಯವೇ ಇರುತ್ತದೆ ಅಂತಲೂ ಅಂದುಕೊಳ್ಳಬೇಡಿ. ಉತ್ತರ ಕೆರೊಲಿನಾದಲ್ಲಿ ಗುಲಾಮರಾಗಿದ್ದ ಒಮರ್ ಇಬ್ನ್ ಸಯೀದ್ 1831ರಲ್ಲಿ ತಮ್ಮ ಬದುಕಿನ ಕಥೆಯನ್ನು ಅರಬ್ಬಿಯಲ್ಲಿ ಬರೆದರು. 1893ರ ಷಿಕಾಗೋ, ವಿವೇಕಾನಂದರು ನಮಗೆಲ್ಲ ಗೊತ್ತಲ್ವಾ, ಅದೂ ಬರುತ್ತದೆ.

ಓದುವುದು ಜಾಸ್ತಿ ಇರುತ್ತದೆ, ಅದೊಂದು ನಿಜ. ಕೋಡಿಂಗ್ ಅಸೈನ್‌ಮೆಂಟ್ ಜಾಸ್ತಿ ಇರುವ ಸೆಮಿಸ್ಟರಿನಲ್ಲಿ ಬೇಡ.

ಫಿಲಡೆಲ್ಫಿಯಾ ಹತ್ತಿರವಿದ್ದರೆ ಅಲೆನ್ ಕಟ್ಟಿದ ಮದರ್ ಬೆಥೆಲ್ ಚರ್ಚಿಗೆ ಹೋಗಿ ಬನ್ನಿ. ಅಲೆನ್ 1791ರಲ್ಲಿ ಕೊಂಡ ಜಾಗದಲ್ಲೇ ಅದು ಇವತ್ತಿಗೂ ಇದೆ. ಅವರ ಸಮಾಧಿಯೂ ಅಲ್ಲೇ, ಕೆಳಗಿನ ಅಂತಸ್ತಿನಲ್ಲಿ.