ಎಬ್ಬಿಸಿದರೂ ಏಳದವನಿಗೆ ನಿಂಬೆರಸ ಕುಡಿಸಬಹುದಾ?

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಶನಿವಾರ ರಾತ್ರಿ ಪಿ.ಜಿ.ಯಲ್ಲಿ ಇಸ್ಪೀಟು ಆಡುತ್ತೇವೆ. ಸೋತವನು ಒಂದೇ ಉಸಿರಿಗೆ ಗ್ಲಾಸ್ ಖಾಲಿ ಮಾಡಬೇಕು. ನನ್ನ ರೂಂಮೇಟ್‌ಗೆ ಮರುದಿನ ಏನೂ ನೆನಪಿರುವುದಿಲ್ಲ. ಕಳೆದ ಸಲ ಎಬ್ಬಿಸಿದರೂ ಏಳಲಿಲ್ಲ. ನಿಂಬೆರಸ ಕುಡಿಸಿ ಮಲಗಿಸಿದೆವು. ‘ವಾರಕ್ಕೊಂದು ದಿನ, ಅದೂ ಬರೀ ಬಿಯರ್’ ಅಂತಾನೆ. ಅವನಿಗೆ ಚಟ ಹತ್ತಿದೆಯಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಚಟದ ವಿಷಯ ಆಮೇಲೆ ನೋಡೋಣ. ಎಚ್ಚರವೇ ಇಲ್ಲದವನ ಬಾಯಿಗೆ ನಿಂಬೆರಸ ಹಾಕಿದ್ದೀರಲ್ಲ, ಅದನ್ನು ಓದಿ ನನಗೆ ಭಯವಾಯಿತು. ಅದು ಶ್ವಾಸನಾಳಕ್ಕೆ ಇಳಿದಿದ್ದರೆ ಜೀವಕ್ಕೇ ಅಪಾಯವಿತ್ತು. ನಿಂಬೆರಸ, ಮಜ್ಜಿಗೆ, ಕಾಫಿ, ತಣ್ಣೀರ ಸ್ನಾನ, ಯಾವುದೂ ರಕ್ತದಲ್ಲಿರುವ ಆಲ್ಕೋಹಾಲ್ ಇಳಿಸುವುದಿಲ್ಲ. ಅದನ್ನು ಕರಗಿಸುವುದು ಲಿವರ್. ಅದೂ ಗಂಟೆಗೆ ಹೆಚ್ಚುಕಮ್ಮಿ 30 ಎಂ.ಎಲ್.ನ ಒಂದು ಪೆಗ್ ಅಷ್ಟೇ.

ಆಟಕ್ಕೆ ಆ ತಾಳ್ಮೆ ಇಲ್ಲ. ಸೋತವನು ಕುಡಿಯುತ್ತಾನೆ, ಕುಡಿದವನ ಲೆಕ್ಕ ತಪ್ಪುತ್ತದೆ, ಮತ್ತೆ ಸೋಲುತ್ತಾನೆ. ಸುತ್ತ ಕೂತವರು ನಗುತ್ತಾರೆ. ಕೊನೆಯ ಗ್ಲಾಸ್ ಮುಗಿದ ಮೇಲೂ ಹೊಟ್ಟೆಯಲ್ಲಿರುವುದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಹಾಗಾಗಿ ‘ಮಲಗಿದ, ಇನ್ನೇನು ಸರಿಹೋಗ್ತಾನೆ’ ಎನ್ನುವಂತಿಲ್ಲ. ಮಲಗಿದ ಮೇಲೇ ಸ್ಥಿತಿ ಕೆಡಬಹುದು.

‘ಬರೀ ಬಿಯರ್’ ಅನ್ನುವ ಮಾತಂತೂ ಬಿಡಿ. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಎಂ.ಎಲ್. ಬಾಟಲಿಯಲ್ಲಿ ಸುಮಾರು 40 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅಂದರೆ 30 ಎಂ.ಎಲ್.ನ ನಾಲ್ಕು ಪೆಗ್ ವಿಸ್ಕಿಗೆ ಸಮ.

ಮುಂದೆ ಹೀಗಾದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ, ವಾಂತಿ ಮಾಡಿಸಲು ಹೋಗಬೇಡಿ, ಒಬ್ಬನನ್ನೇ ಬಿಡಬೇಡಿ. ಅಲುಗಾಡಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ಮೈ ತಣ್ಣಗಾಗಿ ತುಟಿ ನೀಲಿಯಾದರೆ 108ಕ್ಕೆ ಫೋನ್ ಮಾಡಿ. ಓನರ್ ಬೈತಾರೆ, ಮನೆಗೆ ಗೊತ್ತಾಗುತ್ತೆ ಅಂತ ಕಾಯುತ್ತಾ ಕೂರಬೇಡಿ.

ಇನ್ನು ಚಟದ ಮಾತು. ಒಂದು ಪತ್ರ ಓದಿ ಹೌದು, ಇಲ್ಲ ಎನ್ನಲಾರೆ. ಆದರೆ ಅವನು ನಡೆದದ್ದನ್ನು ಮರೆತಿರುವುದಲ್ಲ, ಆ ಹೊತ್ತಿನಲ್ಲಿ ಮೆದುಳು ನೆನಪನ್ನು ದಾಖಲಿಸಿಯೇ ಇಲ್ಲ. ಇದು ಮತ್ತೆ ಮತ್ತೆ ಆಗುತ್ತಿದ್ದರೆ ವಾರಕ್ಕೊಮ್ಮೆ ಕುಡಿದರೂ ತೊಂದರೆಯೇ. ಒಂದು ಶನಿವಾರ ಗ್ಲಾಸಿಲ್ಲದೆ ಇಸ್ಪೀಟು ಹಾಕಿ ನೋಡಿ. ಅವನು ಆಟಕ್ಕೇ ಬರದಿದ್ದರೆ ಸ್ವಲ್ಪ ಯೋಚಿಸಬೇಕು. ಅವನಿಗೆ ಅಮಲಿಲ್ಲದ ಒಂದು ದಿನ, ಗುಂಪಿನಲ್ಲಲ್ಲ, ಒಬ್ಬನೇ ಇದ್ದಾಗ ಮಾತಾಡಿ. ಬೈಯಬೇಡಿ, ಆ ರಾತ್ರಿ ಏನಾಯಿತು ಅಂತ ಸುಮ್ನೆ ಹೇಳಿ. ಒಪ್ಪಿದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಜೊತೆಗೆ ಹೋಗಿ. ನೇರ ಹೋಗಲು ಮುಜುಗರವಾದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಲಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.