ಕ್ವಾಲಾಲಂಪುರಕ್ಕೆ ನಾಲ್ಕು ದಿನ: ಕಾರಿನ ಲೆಕ್ಕ ಬಿಡಿ, ರೂಮಿನದು ಸರಿ ಹಾಕಿ

ಕ್ವಾಲಾಲಂಪುರದ ನಾಲ್ಕು ದಿನಕ್ಕೆ ಊರಾಚೆ ಅಗ್ಗದ ರೂಮು, ಉಳಿದ ದುಡ್ಡಲ್ಲಿ ದಿನಬಾಡಿಗೆ ಕಾರು ಸಾಕಲ್ಲವೇ ಅಂತ ಕೇಳಿದ್ದೀರಿ. ಈ ಲೆಕ್ಕದ ಮೊದಲರ್ಧ ನಾನೂ ಹಾಕಿ ಕೈಸುಟ್ಟುಕೊಂಡವನೇ.

ಆ್ಯಪ್‌ನಲ್ಲಿ 'ಸ್ಟೇಷನ್‌ಗೆ 900 ಮೀಟರ್' ಅಂತಿತ್ತು. ಅದು ನಕ್ಷೆಯ ಮೇಲೆ ಗೆರೆ ಎಳೆದು ಅಳೆದ ದೂರ. ನಡುವೆ ಹೈವೇ, ದಾಟಲು ಸೇತುವೆಯಿಲ್ಲ, ಫುಟ್‌ಪಾತ್ ಅರ್ಧದಲ್ಲೇ ಮಾಯ. ರೂಮಿನಲ್ಲಿ ರಾತ್ರಿಗೆ 25 ರಿಂಗಿಟ್ (ಮಲೇಷ್ಯಾದ ದುಡ್ಡು) ಉಳಿಸಿ, ಗ್ರ್ಯಾಬ್ ಆ್ಯಪ್ ಟ್ಯಾಕ್ಸಿಗೆ ದಿನಕ್ಕೆ 30 ಸುರಿದೆ. ಸಂಜೆ ಮಳೆ ಹಿಡಿದರೆ ರೇಟು ಇನ್ನೂ ಏರುತ್ತದೆ. ಅಲ್ಲಿ ಸಂಜೆ ಮಳೆ ಅಪರೂಪವೇನಲ್ಲ. ಬುಕ್ ಮಾಡುವ ಮುಂಚೆ ಮ್ಯಾಪ್‌ನಲ್ಲಿ ನಡಿಗೆಯ ದಾರಿ ಒತ್ತಿ ನೋಡಿ. ಹತ್ತು ನಿಮಿಷ ದಾಟಿದರೆ ಆ ರೂಮು ಬೇಡ. ವಿದೇಶಿಯರಿಗೆ ರೂಮಿಗೆ ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆ ಬೇರೆ. ಬಹಳಷ್ಟು ಕಡೆ ಅದನ್ನು ಕೌಂಟರ್‌ನಲ್ಲೇ ಕೇಳುತ್ತಾರೆ. ರಿಂಗಿಟ್‌ಗೆ 20 ರೂಪಾಯಿಯ ಮೇಲೆ ಹಿಡಿದುಕೊಳ್ಳಿ.

ಪಸಾರ್ ಸೆನಿ, ಮಸ್ಜಿದ್ ಜಮೆಕ್ ಅಥವಾ ಕೆಎಲ್ ಸೆಂಟ್ರಲ್ ಸ್ಟೇಷನ್ ಪಕ್ಕ ಇಳಿದುಕೊಂಡರೆ ಕಾರಿಗೆ ಕೆಲಸವೇ ಇಲ್ಲ. ಸೆಂಟ್ರಲ್‌ನಿಂದ ಬ್ರಿಕ್‌ಫೀಲ್ಡ್ಸ್‌ಗೆ (ಅಲ್ಲಿನ 'ಲಿಟಲ್ ಇಂಡಿಯಾ') ನಡೆದೇ ಹೋಗಬಹುದು, ಬಾಳೆಎಲೆ ಊಟ, ದೋಸೆ ಎಲ್ಲ ಸಿಗುತ್ತದೆ.

ಏರ್‌ಪೋರ್ಟಿನಿಂದ ಸೆಂಟ್ರಲ್‌ಗೆ ಎಕ್ಸ್‌ಪ್ರೆಸ್ ರೈಲು ತಲೆಗೆ 55 ರಿಂಗಿಟ್, ಅರ್ಧ ಗಂಟೆ. ಬಸ್ಸಿಗೆ 15ರ ಆಸುಪಾಸು, ಗಂಟೆಯ ಮೇಲೆ. ಮೂವರಿದ್ದರೆ ಗ್ರ್ಯಾಬೇ ಅಗ್ಗ, ಆದರೆ ಟೋಲ್ ನಿಮ್ಮದೇ.

ರೈಲು, ಬಸ್ಸಿಗೆಲ್ಲ ತಾಗಿಸುವ 'ಟಚ್ ಎನ್ ಗೋ' ಪ್ರಿಪೇಯ್ಡ್ ಕಾರ್ಡ್ ತಲೆಗೊಂದು ತೆಗೆದುಕೊಳ್ಳಿ. ಒಂದೇ ಕಾರ್ಡಲ್ಲಿ ಇಬ್ಬರು ಗೇಟು ದಾಟಲಾಗದು. ರ‍್ಯಾಪಿಡ್ ಕೆಎಲ್ ಸಿಟಿ ಬಸ್ಸಿನಲ್ಲಿ ನಗದು ಮುಟ್ಟುವುದೇ ಇಲ್ಲ. ಕಾರ್ಡಲ್ಲಿ ಉಳಿದ ಹಣ ವಾಪಸ್ ಪಡೆಯುವುದು ತಲೆನೋವು, ಹಾಗಾಗಿ ಇಪ್ಪತ್ತಿಪ್ಪತ್ತೇ ತುಂಬಿಸಿ. ಕಾರ್ಡಿಲ್ಲದಿದ್ದರೆ ನೀಲಿ ಪ್ಲಾಸ್ಟಿಕ್ ಟೋಕನ್: ನಮ್ಮ ಮೆಟ್ರೊದ ಹಾಗೇ ಒಳಹೋಗುವಾಗ ತಾಗಿಸಿ, ಹೊರಬರುವಾಗ ಕಿಂಡಿಗೆ ಹಾಕಿ. ಅದು ಎಲ್‌ಆರ್‌ಟಿ, ಎಂಆರ್‌ಟಿ (ಎರಡೂ ಊರಿನ ಮೆಟ್ರೊ), ಮೊನೊರೈಲಿಗೆ ಮಾತ್ರ. ಗುಹೆ ದೇವಸ್ಥಾನವಿರುವ ಬಟು ಕೇವ್ಸ್‌ಗೆ ಹೋಗುವ ಕೆಟಿಎಂ ಕೊಮ್ಯೂಟರ್ ಲೋಕಲ್ ರೈಲಿಗೆ ಟೋಕನ್‌ನವರು ಸೆಂಟ್ರಲ್‌ನಲ್ಲಿ ಗೇಟಿನಾಚೆ ಬಂದು ಬೇರೆ ಟಿಕೆಟ್ ತೆಗೆಯಬೇಕು. ಆ ರೈಲು ಮೆಟ್ರೊದಂತೆ ಐದೈದು ನಿಮಿಷಕ್ಕೆ ಬರುವುದಿಲ್ಲ, ವೇಳೆ ನೋಡಿಕೊಂಡೇ ಹೊರಡಿ. ಗುಲಾಬಿ ಗುರುತಿನ ಬೋಗಿ ಹೆಂಗಸರಿಗೆ ಮೀಸಲು, ಗೊತ್ತಿಲ್ಲದೆ ಹತ್ತಬೇಡಿ.

ಪೆಟ್ರೋನಾಸ್ ಗೋಪುರ ಹತ್ತುವ ಆಸೆಯಿದ್ದರೆ ಸೋಮವಾರ ಇಟ್ಟುಕೊಳ್ಳಬೇಡಿ, ರಜೆ. ಮಲೇಷ್ಯಾ ತಲುಪುವ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ (ದೇಶ ಪ್ರವೇಶದ ಆನ್‌ಲೈನ್ ಫಾರ್ಮ್) ತುಂಬಿ. ಅದು ಉಚಿತ, ದುಡ್ಡು ಕೇಳಿದರೆ ತಪ್ಪು ಸೈಟಿಗೆ ಹೋಗಿದ್ದೀರಿ ಅಂತ ಲೆಕ್ಕ.

ಬಟು ಕೇವ್ಸ್‌ನಲ್ಲಿ ಗುಹೆ ದೇವಸ್ಥಾನಕ್ಕೆ 272 ಮೆಟ್ಟಿಲು, ಟಿಕೆಟ್ ಇಲ್ಲ. ಹೆಂಗಸರ ಮೊಣಕಾಲು ಮುಚ್ಚಿರಬೇಕು. ಪ್ಲಾಸ್ಟಿಕ್ ಚೀಲ ಮಾತ್ರ ಕೈಯಲ್ಲಿ ತೂಗಾಡಿಸಿಕೊಂಡು ಹತ್ತಬೇಡಿ, ಕೋತಿಗಳು ಕಾಯುತ್ತಿರುತ್ತವೆ.